ಯಾರಿಂದಲೂ ಮುರಿಯಲಾಗದ ನಂಬರ್

"ಕೈ ಚಾಚು," ಅಂದಳು ರಿಮ್ಶಾ.

ತೇಜಶ್ರೀ ಅಂಗೈ ಚಾಚಿದಳು. ಹುಣಸೆ ಮಿಠಾಯಿ ಸಿಗಬಹುದು ಅಂತ ಅವಳ ಅಂದಾಜು.

"ಅಂಗೈ ಅಲ್ಲ. ಪೂರ್ತಿ ಕೈ. ಮೊಣಕೈ ತನಕ."

ಸ್ಕೂಲ್ ವ್ಯಾನು ಲಿಂಗರಾಜಪುರದ ಸಿಗ್ನಲ್ಲಿನಲ್ಲಿ ನಿಂತಿತ್ತು. ಡ್ರೈವರ್ ಮುನೀರ್ ಅಂಕಲ್ ತಲೆ ಹೊರಗೆ ಹಾಕಿ ಒಬ್ಬ ಆಟೋದವನಿಗೆ ತಮಿಳಿನಲ್ಲಿ ಬುದ್ಧಿ ಹೇಳುತ್ತಿದ್ದರು. ಆಟೋದವನು ಅದನ್ನು ಕನ್ನಡದಲ್ಲಿ ವಾಪಸ್ ಕೊಡುತ್ತಿದ್ದ. ಹಿಂದಿನ ಸೀಟಿನ ಕಡೆ ಯಾರ ಗಮನವೂ ಇರಲಿಲ್ಲ.

ರಿಮ್ಶಾ ಏಳನೇ ಕ್ಲಾಸು, ತೇಜಶ್ರೀ ಐದು. ಎರಡು ಕ್ಲಾಸು ದೊಡ್ಡವರು ಕೈ ಚಾಚು ಅಂದರೆ ಚಾಚಬೇಕು. ಇದು ವ್ಯಾನಿನ ಕಾನೂನು, ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು.

ರಿಮ್ಶಾ ನೀಲಿ ಪೆನ್ನು ತೆಗೆದು ತೇಜಶ್ರೀಯ ಮಣಿಕಟ್ಟಿನಿಂದ ಶುರು ಮಾಡಿದಳು. ಮೊದಲು ಒಂದು. ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ. ಕಚಗುಳಿ ಆಗುತ್ತಿತ್ತು. ಆದರೆ ರಿಮ್ಶಾ ಮುಖದಲ್ಲಿ ಕಚಗುಳಿಯ ಸುಳಿವೇ ಇರಲಿಲ್ಲ, ಹಾಗಾಗಿ ತೇಜಶ್ರೀಯೂ ನಗಲಿಲ್ಲ. ಮೊಣಕೈ ಹತ್ತಿರ ಬಂದಾಗ ನಂಬರ್ ಮುಗಿಯಿತು.

1000000000000066600000000000001

"ಇದು ದೆವ್ವದ ನಂಬರ್," ಅಂದಳು ರಿಮ್ಶಾ.

"ಹೋಗಕ್ಕಾ, ಸುಮ್ನೆ."

"ಕಸಮ್ ಸೇ, ಆಣೆ. ಮಧ್ಯದಲ್ಲಿ ನೋಡು. ಆರು ಆರು ಆರು. ದೆವ್ವದ ಪಿಕ್ಚರಲ್ಲೆಲ್ಲ ಬರುತ್ತೆ. ಈಗ ಸೊನ್ನೆ ಎಣ್ಸು."

ತೇಜಶ್ರೀ ಎಣಿಸಿದಳು. ಆ ಕಡೆ ಹದಿಮೂರು. ಈ ಕಡೆ ಹದಿಮೂರು.

"ಒಟ್ಟು ಎಷ್ಟು ಡಿಜಿಟ್ಸ್?"

"ಮೂವತ್ತೊಂದು."

"ಮೂವತ್ತೊಂದನ್ನ ತಿರುಗ್ಸು."

ತೇಜಶ್ರೀ ಮನಸ್ಸಿನಲ್ಲೇ ತಿರುಗಿಸಿದಳು. 13 ಬಂತು. ಮತ್ತೆ ಅದೇ ಅಪಶಕುನದ ನಂಬರ್.

"ಈ ಕಡೆಯಿಂದ ಓದಿದ್ರೂ ಅದೇ, ಆ ಕಡೆಯಿಂದ ಓದಿದ್ರೂ ಅದೇ," ರಿಮ್ಶಾ ದನಿ ಇನ್ನೂ ತಗ್ಗಿಸಿದಳು. "ಇದಕ್ಕೆ ಹಿಂದೆ ಮುಂದೆ ಇಲ್ಲ. ಕೇಳಿಸ್ಕೋ. ಶುಕ್ರವಾರ ಸಂಜೆಯೊಳಗೆ ನೀನು ಇದನ್ನ ಮುರೀಬೇಕು. ಅಂದ್ರೆ ಭಾಗ ಮಾಡ್ಬೇಕು, ಶೇಷ ಬರಬಾರದು. ಒಂದರಿಂದ ಮಾಡಂಗಿಲ್ಲ, ಅದರಿಂದಲೇ ಅದನ್ನ ಮಾಡಂಗಿಲ್ಲ. ಬೇರೆ ಯಾವುದರಿಂದ ಮುರಿದ್ರೂ ಓಕೆ."

"ಮುರೀಲಿಲ್ಲ ಅಂದ್ರೆ?"

"ನಿಮ್ಮನೇಲಿ ಯಾರಿಗಾದ್ರೂ ಏನಾದ್ರೂ ಆಗುತ್ತೆ."

"ಏನು?"

"ಏನಾದ್ರೂ," ಅಂದಳು ರಿಮ್ಶಾ. ಅದು ಯಾವ ಕಾಯಿಲೆಯ ಹೆಸರಿಗಿಂತಲೂ ಕೆಟ್ಟದಾಗಿ ಕೇಳಿಸಿತು. "ಇಲ್ಲಾಂದ್ರೆ ಇನ್ನೊಬ್ಬರ ಕೈ ಮೇಲೆ ಬರೀಬೇಕು. ಆಗ ಅದು ಅವರ್ದು. ನೀನು ಫ್ರೀ."

"ನಿಂಗೆ ಯಾರು ಬರೆದ್ರು?"

"ರಿಜ್ವಾನ್. ನಮ್ ಚಾಚಾ ಮಗ."

"ನೀನು ಮುರಿದ್ಯಾ?"

ರಿಮ್ಶಾ ಕಿಟಕಿಯ ಕಡೆ ತಿರುಗಿ ಕೂತಳು. ಸಿಗ್ನಲ್ ಹಸಿರಾಯಿತು. ಅವತ್ತು ಮಂಗಳವಾರ.

ಶುಕ್ರವಾರ ತೇಜಶ್ರೀಯ ಅಜ್ಜಿಗೆ ಆಪರೇಷನ್ ಇತ್ತು.

ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಮನೆಯವರಿಗೆ ಆ ಆಪರೇಷನ್ ಒಂದು ಸುದ್ದಿಯೇ ಆಗಿರಲಿಲ್ಲ. ಅಜ್ಜಿ ಮಂಜುಳಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮೊದಲು ಬಲಗಣ್ಣಿನ ಸರದಿ. ಟಿ.ವಿ.ಯ ಸೀರಿಯಲ್ಲಿನಲ್ಲಿ ಅತ್ತೆ ಯಾರು ಸೊಸೆ ಯಾರು ಅಂತ ದನಿ ಕೇಳಿಯೇ ತಿಳಿಯಬೇಕಿತ್ತು. "ಅರ್ಧ ಗಂಟೆ ಕೆಲಸ. ಬೆಳಗ್ಗೆ ಹೋಗಿ ಸಂಜೆ ಬರೋದು," ಅನ್ನುತ್ತಿದ್ದರು ಅಪ್ಪ ಮುನಿರಾಜು. ಅವರು ವಿಮಾನಪುರದ ಫ್ಯಾಕ್ಟರಿಗೆ ರಜ ಹಾಕಿದ್ದರು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅಮ್ಮ ರಜ ಕೇಳಿರಲೂ ಇಲ್ಲ.

ಆದರೆ ಹತ್ತು ವರ್ಷದವರಿಗೆ ಆಪರೇಷನ್ ಅಂದರೆ ಒಂದೇ. ಅದರಲ್ಲಿ ಚಿಕ್ಕದು ದೊಡ್ಡದು ಅಂತ ಇರುವುದಿಲ್ಲ.

"ಟೋಕನ್ ಎಷ್ಟು ಕೊಟ್ಟಿದ್ದಾರೆ?" ಅಮ್ಮ ರಾತ್ರಿ ಊಟಕ್ಕೆ ಬಡಿಸುತ್ತಾ ಕೇಳಿದರು.

"ಹದಿಮೂರು," ಅಂದರು ಅಪ್ಪ, ಮುದ್ದೆ ಮುರಿಯುತ್ತಾ.

ತೇಜಶ್ರೀಗೆ ಗಂಟಲಲ್ಲಿ ಮುದ್ದೆ ನಿಂತಿತು. ಮುದ್ದೆಯನ್ನು ನುಂಗುವುದೇ ಹೊರತು ಅಗಿಯುವುದಲ್ಲ, ಹಾಗಾಗಿ ಅದು ನಿಂತರೆ ಸರಿಯಾಗೇ ನಿಲ್ಲುತ್ತದೆ. ಅಜ್ಜಿ ಬೆನ್ನಿಗೆ ಗುದ್ದಿದರು.

"ಏನೇ, ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ?"

ಅಜ್ಜಿಯ ಮುಖ ತೇಜಶ್ರೀಯ ಕೈಗೆ ಗೇಣುದ್ದದಷ್ಟು ಹತ್ತಿರ ಇತ್ತು. ಮೂವತ್ತೊಂದು ಅಂಕಿಗಳೂ ಅವರ ಕಣ್ಣೆದುರಿಗೇ ಇದ್ದವು. ಅಜ್ಜಿಗೆ ಒಂದೂ ಕಾಣಲಿಲ್ಲ.

ಊಟ ಆದ ಮೇಲೆ ತೇಜಶ್ರೀ ರಫ್ ಬುಕ್ ಅಡ್ಡ ತಿರುಗಿಸಿ ಇಟ್ಟುಕೊಂಡು ಭಾಗಾಕಾರ ಶುರು ಮಾಡಿದಳು.

ಎರಡರಿಂದ ಆಗಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ಕೊನೆಯಲ್ಲಿ ಒಂದು ಕೂತಿತ್ತು. ಎರಡರಿಂದ ಆಗದಿದ್ದರೆ ನಾಲ್ಕು, ಆರು, ಎಂಟರಿಂದಲೂ ಆಗಲ್ಲ. ಐದರಿಂದ, ಹತ್ತರಿಂದ ಕೇಳುವುದೇ ಬೇಡ. ಮೂರಕ್ಕೆ ಅಂಕಿಗಳನ್ನೆಲ್ಲ ಕೂಡಬೇಕು. ಒಂದು, ಆರು, ಆರು, ಆರು, ಒಂದು. ಇಪ್ಪತ್ತು. ಮೂರರ ಮಗ್ಗಿಯಲ್ಲಿ ಇಪ್ಪತ್ತು ಬರುವುದಿಲ್ಲ. ಮೂರು ಹೋದ ಮೇಲೆ ಒಂಬತ್ತೂ ಹೋಯಿತು.

ಏಳರಿಂದ ಭಾಗಿಸಲು ಒಂದು ಪುಟ ಪೂರ್ತಿ ಬೇಕಾಯಿತು. ಸೊನ್ನೆ ಇಳಿಸು, ಭಾಗಿಸು, ಕಳೆ, ಮತ್ತೆ ಸೊನ್ನೆ ಇಳಿಸು. ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿ ಪುಟದ ಕೆಳಗೆ ಇಳಿಯಿತು. ಯಾವುದೋ ನೆಲಮಾಳಿಗೆಗೆ ಇಳಿದ ಹಾಗೆ. ಕೊನೆಯ ಮೆಟ್ಟಿಲಲ್ಲಿ ಶೇಷ ನಾಲ್ಕು ಕಾಯುತ್ತಾ ನಿಂತಿತ್ತು.

ಬುಧವಾರ ಹನ್ನೊಂದು ಮಾಡಿದಳು. ಶೇಷ ಎಂಟು. ಹದಿಮೂರರ ಮೇಲೆ ಅವಳಿಗೆ ತುಂಬಾ ನಂಬಿಕೆ ಇತ್ತು. ಬೀಗ ಹದಿಮೂರರದ್ದಾದರೆ ಕೀಲಿಯೂ ಹದಿಮೂರೇ ಇರಬೇಕಲ್ಲ? ಶೇಷ ಮೂರು.

ಭಯ ಹಿಡಿದವರಿಗೆ ಪುರಾವೆಗಳು ಕೇಳದೇ ಬಂದು ಬೀಳುತ್ತವೆ. ಗಲ್ಲಿಯಲ್ಲಿ ನಿಂತ ಸ್ಕೂಟರಿನ ನಂಬರಿನಲ್ಲಿ ಎರಡು ಆರು ಇತ್ತು. ಮೂರನೇ ಆರು ಎಲ್ಲಿ ಅಂತ ಹುಡುಕಿದಳು. ಗಡಿಯಾರದಲ್ಲಿ ಆರು ಗಂಟೆಯಾಗಿತ್ತು. ಸ್ನಾನ ಮಾಡುವಾಗ ಕೈಯನ್ನು ನಾರಿನಿಂದ ತಿಕ್ಕಿದಳು. ಚರ್ಮ ಕೆಂಪಾಯಿತು, ನಂಬರ್ ಮಸುಕಾಯಿತು, ಹೋಗಲಿಲ್ಲ.

ಗುರುವಾರ ಸಂಜೆ ಹದಿನೇಳರಿಂದ ಭಾಗಿಸಿದಳು. ಶೇಷ ಹದಿನಾರು. ಇನ್ನೊಂದೇ ಒಂದು ಇದ್ದಿದ್ದರೆ ಮುರಿದುಬಿಡುತ್ತಿತ್ತು! ಅದು ಬೇಕಂತಲೇ ಒಂದು ಹೆಜ್ಜೆ ದೂರದಲ್ಲಿ ನಿಂತು ನಗುತ್ತಿದೆ ಅನ್ನಿಸಿತು.

ಪೆನ್ಸಿಲ್ ಕೆಳಗಿಟ್ಟು ಅಜ್ಜಿಯ ಪಕ್ಕ ಹೋಗಿ ಒರಗಿದಳು. ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ಆ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ.

"ಅಜ್ಜಿ, ಯಾರಾದ್ರೂ ಒಂದು ವಸ್ತು ಕೊಟ್ಟು, ಇದನ್ನ ಬೇರೆಯವರಿಗೆ ಕೊಡ್ಲಿಲ್ಲ ಅಂದ್ರೆ ನಿಮ್ಮನೇಗೆ ಕೆಟ್ಟದಾಗುತ್ತೆ ಅಂದ್ರೆ, ಆಗುತ್ತಾ?"

"ಓ, ಅದಾ? ನಮ್ ಕಾಲದಲ್ಲಿ ಪೋಸ್ಟ್ ಕಾರ್ಡ್ ಬರೋದು. ಇದೇ ತರ ಇಪ್ಪತ್ತೊಂದು ಕಾರ್ಡ್ ಬರೆದು ಹಾಕು, ಇಲ್ಲಾಂದ್ರೆ ಮನೆ ಹಾಳಾಗುತ್ತೆ ಅಂತ. ನಿಮ್ ತಾತಂಗೂ ಒಂದ್ಸಲ ಬಂದಿತ್ತು."

"ತಾತ ಬರೆದ್ರಾ?"

"ಎಲ್ಲಿ ಬರೀತಾರೆ, ಸೋಂಬೇರಿ. ಮಂಚದ ಕಾಲು ಒಂದು ಅಲ್ಲಾಡ್ತಿತ್ತು. ಆ ಕಾರ್ಡನ್ನ ಮಡಿಚಿ ಅದರ ಕೆಳಗಿಟ್ರು."

"ಆಮೇಲೆ? ಏನೂ ಆಗ್ಲಿಲ್ವಾ?"

"ಆಯ್ತಲ್ಲ! ಮಂಚ ಅಲ್ಲಾಡೋದು ನಿಂತೋಯ್ತು."

ಅಜ್ಜಿ ತಮ್ಮ ಮಾತಿಗೆ ತಾವೇ ನಕ್ಕರು. ತೇಜಶ್ರೀ ನಗಲಿಲ್ಲ. ಗೋಡೆಯ ಮೇಲೆ ತಾತನ ಫೋಟೋ ಇತ್ತು, ಅದಕ್ಕೆ ಗಂಧದ ಹಾರ ಇತ್ತು.

"ಆದ್ರೆ ತಾತ ಸತ್ತೋದ್ರಲ್ಲ ಅಜ್ಜಿ."

"ನಲವತ್ತು ವರ್ಷ ಆದ್ಮೇಲೆ ಕಣೇ!"

ನಲವತ್ತು ವರ್ಷ ಆದರೇನು? ಅದು ಮರೆತಿರಲಿಲ್ಲ ಅಂತಾಯಿತಲ್ಲ. ತೇಜಶ್ರೀ ಅಜ್ಜಿಯ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಊಟಕ್ಕೆ ಕರೆಯುವ ತನಕ ಬಿಡಲಿಲ್ಲ.

ಶುಕ್ರವಾರ ಬೆಳಗ್ಗೆ ಅವಳು ಶೂ ಹಾಕಿಕೊಳ್ಳುವಾಗ ಅಜ್ಜಿ ಬಾಗಿಲ ತನಕ ಬಂದರು. "ಸಂಜೆ ಬಾ. ನಿನ್ ಮೂಗು ಎಲ್ಲಿದೆ ಅಂತ ಸರಿಯಾಗಿ ನೋಡ್ತೀನಿ," ಅಂದರು. ತೇಜಶ್ರೀ ಶೂ ಲೇಸಿಗೆ ಇನ್ನೊಂದು ಗಂಟು ಹಾಕಿದಳು.

ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಅವಳು ಮ್ಯಾಥ್ಸ್ ಮಿಸ್ ಹತ್ತಿರ ಹೋದಳು. ಭಾಗ್ಯಲಕ್ಷ್ಮಿ ಮಿಸ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

"ಮಿಸ್, ಈ ನಂಬರ್ ಯಾವುದರಿಂದ ಭಾಗ ಆಗುತ್ತೆ?"

ಮಿಸ್ ಅವಳ ಕೈ ಹಿಡಿದು ಮಸುಕು ಅಂಕಿಗಳನ್ನು ನೋಡಿದರು. ಅವರ ಮುಖ ಅರಳಿತು. ಯಾವ ಹೋಂವರ್ಕ್ ನೋಡಿದಾಗಲೂ ಆ ಮುಖ ಹಾಗೆ ಅರಳಿದ್ದಿಲ್ಲ.

"ಅಯ್ಯೋ, ಇದು ನಿಂಗೆ ಎಲ್ಲಿ ಸಿಕ್ತೇ? ಫೇಮಸ್ ನಂಬರ್ ಇದು! ನೀನು ಭಾಗ ಮಾಡಿ ನೋಡಿದ್ಯಾ?"

"ಹತ್ತೊಂಬತ್ತರ ತನಕ ಮಿಸ್. ಬೆಳಗ್ಗೆ ವ್ಯಾನಲ್ಲಿ ಹತ್ತೊಂಬತ್ತು ಮುಗೀತು. ಶೇಷ ಐದು."

"ಶಭಾಷ್! ಆದ್ರೆ ನೀನು ಹತ್ತೊಂಬತ್ತು ಲಕ್ಷದ ತನಕ ಮಾಡಿದ್ರೂ ಆಗಲ್ಲ ಪುಟ್ಟಿ. ಇದು ಪ್ರೈಮ್. ನೋಡು, ಇಷ್ಟು ಲಾಡು ಇದೆ ಅಂದ್ಕೋ. ಒಬ್ಬಳೇ ಅಷ್ಟನ್ನೂ ಇಟ್ಕೋಬೇಕು. ಇಲ್ಲಾ ಅಷ್ಟು ಜನ ಬಂದು ಒಂದೊಂದು ತಗೋಬೇಕು. ಮಧ್ಯದಲ್ಲಿ ಬೇರೆ ಎಷ್ಟು ಜನ ಬಂದ್ರೂ ಸಮ ಸಮ ಹಂಚೋಕಾಗಲ್ಲ."

"ಯಾರಿಗೂ ಆಗಲ್ವಾ ಮಿಸ್?"

"ಯಾರಿಗೂ ಆಗಲ್ಲ. ಕಂಪ್ಯೂಟರ್‌ಗೂ ಆಗಲ್ಲ." ಮಿಸ್ ಖುಷಿಯಲ್ಲಿ ಇನ್ನೊಂದು ಮಾತು ಸೇರಿಸಿದರು. "ತಮಾಷೆ ಅಂದ್ರೆ, ಇದಕ್ಕೆ ಒಂದು ದೆವ್ವದ ಹೆಸರನ್ನೇ ಇಟ್ಟಿದ್ದಾರೆ!"

ಒಳ್ಳೆಯ ಟೀಚರ್ ಒಬ್ಬರು ಒಳ್ಳೆಯ ಮನಸ್ಸಿನಿಂದ ಇಷ್ಟು ಹೆದರಿಸಲು ಸಾಧ್ಯ ಅಂತ ತೇಜಶ್ರೀಗೆ ಅವತ್ತೇ ಗೊತ್ತಾಗಿದ್ದು. "ಥ್ಯಾಂಕ್ಯೂ ಮಿಸ್," ಅಂದಳು.

ಮುರಿಯಲು ಆಗುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ.

ಆ ದಾರಿಯ ಹೆಸರು ದೀಪು.

ದೀಪು ಒಂದನೇ ಕ್ಲಾಸು. ಸಂಜೆ ವ್ಯಾನಿನಲ್ಲಿ ತೇಜಶ್ರೀಯ ಪಕ್ಕದ ಸೀಟು ಅವನದು. ಮುಂದಿನ ಎರಡು ಹಲ್ಲು ಇರಲಿಲ್ಲ. ಹಾಗಂತ ಮಾತಿಗೇನೂ ಕಡಿಮೆ ಇರಲಿಲ್ಲ. ಮನೆಯಲ್ಲಿ ಪಾಪು ಹುಟ್ಟಿದೆ, ಅದಕ್ಕೆ ಕೂದಲೇ ಇಲ್ಲ, ಅದು ತನ್ನ ಬೆರಳು ಹಿಡಿದರೆ ಬಿಡುವುದೇ ಇಲ್ಲ ಅಂತ ಅವನು ವ್ಯಾನಿಗೆಲ್ಲ ಹೇಳಿಯಾಗಿತ್ತು.

ತೇಜಶ್ರೀ ಬ್ಯಾಗಿನಿಂದ ಪೆನ್ನು ತೆಗೆದಳು. ಅಜ್ಜಿ ಈಗ ಎಲ್ಲಿರಬಹುದು? ಹದಿಮೂರನ್ನು ಕರೆದಿರುತ್ತಾರೆ. ದೊಡ್ಡ ಲೈಟಿನ ಕೆಳಗೆ ಮಲಗಿಸಿರುತ್ತಾರೆ. ಕೈಯಲ್ಲಿ ಚಾಕು ಹಿಡಿದಿರುತ್ತಾರೆ.

"ದೀಪು, ಕೈ ಚಾಚು."

ದೀಪು ತಕ್ಷಣ ಚಾಚಿದ. ಯಾಕೆ ಅಂತ ಕೂಡ ಕೇಳಲಿಲ್ಲ. ಸ್ವೆಟರಿನ ತೋಳನ್ನು ತಾನೇ ಮೇಲಕ್ಕೆ ಎಳೆದುಕೊಂಡ.

ಕಿಟಕಿ ಸೀಟಿನಿಂದ ರಿಮ್ಶಾ ನೋಡುತ್ತಿದ್ದಳು.

ತೇಜಶ್ರೀ ಅವನ ಮಣಿಕಟ್ಟಿನ ಮೇಲೆ ಒಂದು ಬರೆದಳು. ಪಕ್ಕದಲ್ಲಿ ಒಂದು ಸೊನ್ನೆ ಬರೆದಳು. ಆಗ ನೋಡಿದಳು, ಅವನ ಕೈ ಎಷ್ಟು ಚಿಕ್ಕದು ಅಂದರೆ ಮೂವತ್ತೊಂದು ಅಂಕಿ ಅದರಲ್ಲಿ ಹಿಡಿಸುವುದೇ ಇಲ್ಲ. ತುಂಬಾ ಸಣ್ಣದಾಗಿ ಬರೆಯಬೇಕು.

"ಗುಟ್ಟಾ?" ದೀಪು ಪಿಸುಗುಟ್ಟಿದ.

"ಹೂಂ."

"ನಾನು ಯಾರಿಗೂ ಹೇಳಲ್ಲ ಅಕ್ಕ. ನಂಗೆ ಗುಟ್ಟು ಇಟ್ಕೊಳ್ಳೋಕೆ ಬರುತ್ತೆ. ಅಮ್ಮಂಗೂ ಹೇಳಲ್ಲ. ಪಾಪುಗೂ ಹೇಳಲ್ಲ."

ತೇಜಶ್ರೀಯ ಪೆನ್ನು ನಿಂತಿತು.

ಅವನು ಹೇಳುವುದಿಲ್ಲ. ಅವನು ನಿಜವಾಗಿಯೂ ಯಾರಿಗೂ ಹೇಳುವುದಿಲ್ಲ. ಭಾಗಾಕಾರ ಅವನಿಗೆ ಬರುವುದಿಲ್ಲ, ಇನ್ನೂ ಬೆರಳು ಮಡಿಚಿ ಕೂಡುತ್ತಾನೆ. ಅವನು ಇದನ್ನು ತೋಳಿನ ಒಳಗೆ ಮುಚ್ಚಿಟ್ಟುಕೊಂಡು ಮನೆಗೆ ಹೋಗಿ, ಕೂದಲಿಲ್ಲದ ಪಾಪುವಿನ ಪಕ್ಕದಲ್ಲಿ ಮಲಗುತ್ತಾನೆ.

ವ್ಯಾನು ಹಲಸೂರು ಕೆರೆಯ ತಿರುವಿಗೆ ಬಂತು. ಇನ್ನು ಎರಡು ಸ್ಟಾಪ್.

"ಬರೀ ಅಕ್ಕ," ಅಂದ ದೀಪು.

ಬರೆದಿದ್ದನ್ನು ಅವಳು ನೋಡಿದಳು. 10. ಅದರ ಕೆಳಗೆ ಒಂದು ಗೆರೆ ಎಳೆದಳು. ಗೆರೆಯ ಕೆಳಗೆ ಇನ್ನೊಂದು 10 ಬರೆದಳು. ಪಕ್ಕದಲ್ಲಿ ಒಂದು ಸ್ಟಾರ್ ಹಾಕಿದಳು. ವ್ಯಾನು ಕುಲುಕುತ್ತಿದ್ದರಿಂದ ಸ್ಟಾರು ಸ್ವಲ್ಪ ಏಡಿಯ ಹಾಗೆ ಬಂತು.

"ಹತ್ತಕ್ಕೆ ಹತ್ತು!" ದೀಪು ಕಿರುಚಿದ. ಗುಟ್ಟು ಇಟ್ಟುಕೊಳ್ಳುವ ಮಾತೆಲ್ಲ ಮರೆತುಹೋಯಿತು. "ಮುನೀರ್ ಅಂಕಲ್! ನಂಗೆ ಹತ್ತಕ್ಕೆ ಹತ್ತು!"

"ಯಾತಕ್ಕೋ?"

"ಗೊತ್ತಿಲ್ಲ!"

ತೇಜಶ್ರೀ ಪೆನ್ನಿನ ಮುಚ್ಚಳ ಹಾಕಿದಳು. ಭಯ ಇನ್ನೂ ಹೋಗಿರಲಿಲ್ಲ. ಹೋಗುವುದಿರಲಿ, ಈಗ ದುಪ್ಪಟ್ಟಾಗಿತ್ತು.

ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಅಕ್ತರ್ ಆಂಟಿ ಬಾಗಿಲಿಗೆ ಬಂದು, "ಇನ್ನೂ ಬಂದಿಲ್ಲಮ್ಮ, ಒಳಗೆ ಬಾ, ಟೀ ಕುಡಿ," ಅಂದರು. ಸ್ಕೂಲ್ ವ್ಯಾನ್ ಬರೋ ಹೊತ್ತಿಗೆ ಬರ್ತೀವಿ ಅಂದಿದ್ದರಂತೆ. ತೇಜಶ್ರೀ ಬೇಡ ಅಂದಳು. ತಮ್ಮ ಮನೆಯ ಮೆಟ್ಟಿಲ ಮೇಲೆ ಬ್ಯಾಗ್ ಅಪ್ಪಿಕೊಂಡು ಕೂತಳು.

ಮಸೀದಿಯ ಕೂಗು ಕೇಳಿತು. ಸೋಮೇಶ್ವರನ ಗುಡಿಯ ಗಂಟೆ ಕೇಳಿತು. ಹೂವಿನವಳು ಬಂದು ಹೋದಳು. ಸಂಜೆ ಆಗುತ್ತಿತ್ತು. ದೀಪು ಮನೆ ಎಲ್ಲಿ ಅಂತ ಅವಳಿಗೆ ಗೊತ್ತಿತ್ತು, ಎರಡೇ ಗಲ್ಲಿ ಆಚೆ. ಈಗ ಎದ್ದು ಓಡಿದರೂ ಸಮಯ ಇದೆ. ಅವಳು ಬ್ಯಾಗನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡಳು. ಏಳಲಿಲ್ಲ.

ಗಲ್ಲಿಯ ತುದಿಯಲ್ಲಿ ಒಂದು ಆಟೋ ತಿರುಗಿತು. ಅಪ್ಪ ಇಳಿದರು. ಅಪ್ಪ ಒಬ್ಬರೇ ಇಳಿದರು.

ತೇಜಶ್ರೀ ಎದ್ದು ನಿಂತಳು. ಬ್ಯಾಗ್ ಕೆಳಗೆ ಬಿತ್ತು.

"ಕೈ ಕೊಡೋ ಮುನಿರಾಜು, ನಾನೇನು ಕಪಿನಾ ಜಿಗಿಯೋಕೆ?" ಆಟೋದೊಳಗಿನಿಂದ ದನಿ ಬಂತು.

ಮೊದಲು ಒಂದು ಚಪ್ಪಲಿ, ಆಮೇಲೆ ಸೀರೆ, ಆಮೇಲೆ ಒಂದು ಕಣ್ಣಿನ ಮೇಲೆ ಪಟ್ಟಿ, ಅದರ ಮೇಲೆ ದೊಡ್ಡ ಕಪ್ಪು ಗಾಗಲ್. ತೇಜಶ್ರೀ ಓಡಿದ ರಭಸಕ್ಕೆ ಅಜ್ಜಿ ಮತ್ತೆ ಆಟೋದೊಳಗೆ ಕೂತುಬಿಟ್ಟರು.

"ನಿಧಾನ ಕಣೇ! ಲೇಟಾಯ್ತು, ಡಾಕ್ಟರು ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದ್ರು. ಅಲ್ಲಿ ಕಾಫಿ ಅಂತ ಒಂದು ಕೊಟ್ರು ನೋಡು, ಕಣ್ಣು ಕಾಣದಿದ್ದದ್ದೇ ಒಳ್ಳೇದಾಯ್ತು."

ಶನಿವಾರ ಪಟ್ಟಿ ಬಿಚ್ಚಿದರು. ಅಜ್ಜಿ ಮೊದಲು ತೇಜಶ್ರೀಯ ಮೂಗು ನೋಡಿ, ಇದ್ದ ಜಾಗದಲ್ಲೇ ಇದೆ ಅಂದರು. ಆಮೇಲೆ ಅವಳ ಕೈ ಹಿಡಿದರು.

"ಇದೇನೇ ಇದು, ಇರುವೆ ಸಾಲು?"

"ನಂಬರ್ ಅಜ್ಜಿ."

"ಇಷ್ಟುದ್ದ ಯಾರ ಫೋನ್ ನಂಬರೇ?"

ಮಂಗಳವಾರದ ನಂತರ ತೇಜಶ್ರೀ ಮೊದಲ ಸಲ ನಕ್ಕಳು. ನಗು ಅಳುವಾಯಿತು, ಮತ್ತೆ ನಗುವಾಯಿತು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ಕೈ ತಿಕ್ಕಿದರು.

ಸೋಮವಾರ ಬೆಳಗ್ಗೆ ತುಂತುರು ಬೀಳುತ್ತಿತ್ತು. ವ್ಯಾನಿನ ಬಾಗಿಲು ತೆರೆದಾಗ ರಿಮ್ಶಾ ಕಿಟಕಿ ಸೀಟಿನಲ್ಲಿ ಇರಲಿಲ್ಲ. ಬಾಗಿಲ ಹತ್ತಿರವೇ ಕೂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ನಿಮ್ಮಜ್ಜಿ?" ಅಂದಳು. ಗುಡ್ ಮಾರ್ನಿಂಗ್ ಇಲ್ಲ, ಏನೂ ಇಲ್ಲ. "ಆಪರೇಷನ್ ಇತ್ತಂತಲ್ಲ. ಮುನೀರ್ ಅಂಕಲ್ ಹೇಳಿದ್ರು. ಕಸಮ್, ನಂಗೆ ಗೊತ್ತಿರ್ಲಿಲ್ಲ."

"ಚೆನ್ನಾಗಿದ್ದಾರೆ. ಗಾಗಲ್ ಹಾಕ್ಕೊಂಡು ಸೀರಿಯಲ್ ನೋಡ್ತಾರೆ. ಸೊಸೆ ತುಂಬಾ ದಪ್ಪ ಆಗಿದ್ದಾಳೆ ಅಂತಾರೆ."

ರಿಮ್ಶಾ ಉಸಿರು ಬಿಟ್ಟಳು. ಎಷ್ಟು ದೊಡ್ಡ ಉಸಿರು ಅಂದರೆ ಮುಂದೆ ಕೂತಿದ್ದ ಹುಡುಗ ತಿರುಗಿ ನೋಡಿದ.

"ನೀನು ಯಾಕೆ ನಂಗೆ ಬರೆದೆ?" ತೇಜಶ್ರೀ ಕೇಳಿದಳು.

"ಅಬ್ಬು ಮಂಗಳವಾರ ರಾತ್ರಿ ಸೌದಿಗೆ ಫ್ಲೈಟ್ ಹತ್ತೋರಿದ್ರು." ರಿಮ್ಶಾ ತನ್ನ ಶೂ ನೋಡುತ್ತಾ ಅಪ್ಪನ ಸುದ್ದಿ ಹೇಳಿದಳು. "ನಾನು ಏಳರ ತನಕ ಮಾಡ್ದೆ. ಆಮೇಲೆ ಆಗ್ಲಿಲ್ಲ." ತಲೆ ಎತ್ತಿ, "ನೀನು ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ."

ರಿಮ್ಶಾ ಅವಳನ್ನೇ ನೋಡಿದಳು.

ತೇಜಶ್ರೀಯೂ ಅವಳನ್ನೇ ನೋಡಿದಳು. ಕೊಟ್ಟುಬಿಟ್ಟರೆ ಫ್ರೀ ಅಂದಿದ್ದಳು ರಿಮ್ಶಾ. ಆದರೆ ಇದು ಫ್ರೀ ಆದವರ ಮುಖ ಅಲ್ಲ. ಮಿಸ್ ಹೇಳಿದ ಲಾಡು ನೆನಪಾಯಿತು. ಸಮ ಸಮ ಹಂಚೋಕಾಗಲ್ಲ ಅಂದಿದ್ದರು. ಹೌದು, ಈ ಭಯ ಅರ್ಧ ಅರ್ಧ ಆಗಿರಲೇ ಇಲ್ಲ. ತೇಜಶ್ರೀ ಹತ್ತಿರ ಪೂರ್ತಿ ಬಂದಿತ್ತು, ರಿಮ್ಶಾ ಹತ್ತಿರವೂ ಪೂರ್ತಿ ಉಳಿದಿತ್ತು. ರಿಜ್ವಾನ್ ಹತ್ತಿರ ಎಷ್ಟು ಉಳಿದಿದೆಯೋ.

"ಬಾ, ಕಿಟಕಿ ಹತ್ರ ಕೂತ್ಕೋ," ಅಂದಳು ರಿಮ್ಶಾ. ವ್ಯಾನಿನ ಚರಿತ್ರೆಯಲ್ಲಿ ಅವಳು ಆ ಸೀಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಕಿಟಕಿಯ ಗಾಜು ಮಂಜುಗಟ್ಟಿತ್ತು. ತೇಜಶ್ರೀ ಬೆರಳಿನಿಂದ ಒಂದು ಬರೆದಳು. ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ. ದೀಪು ಅವರಿಬ್ಬರ ನಡುವೆ ತೂರಿಕೊಂಡು ಬಂದು, ಒಂದೊಂದು ಸೊನ್ನೆಯೊಳಗೂ ಎರಡೆರಡು ಚುಕ್ಕಿ ಇಟ್ಟು ಕಣ್ಣು ಮಾಡಿ, ಮೇಲೆ ಕೂದಲು ಎಳೆಯತೊಡಗಿದ. ಒಂದು ಸೊನ್ನೆಗೆ ಮಾತ್ರ ಕೂದಲು ಹಾಕಲಿಲ್ಲ. ಅದು ಪಾಪು ಅಂತೆ.

"ಎಷ್ಟುದ್ದ ಅಕ್ಕ ಇದು! ಯಾವ ನಂಬರ್?"

"ಸುಮ್ನೆ ಒಂದು ನಂಬರ್ ಅಷ್ಟೇ," ಅಂದಳು ತೇಜಶ್ರೀ. "ಈ ಕಡೆಯಿಂದ ಓದಿದ್ರೂ ಅದೇ, ಆ ಕಡೆಯಿಂದ ಓದಿದ್ರೂ ಅದೇ."

ವ್ಯಾನು ಕೆರೆಯ ತಿರುವು ದಾಟಿತು. ಆರುಗಳು ಬಂದವು, ಮತ್ತೆ ಸೊನ್ನೆಗಳು ಬಂದವು. ಕೊನೆಯ ಸೊನ್ನೆಗೂ ಕಣ್ಣು ಬಂತು.

ಕೊನೆಯ ಒಂದನ್ನು ರಿಮ್ಶಾ ಬರೆದಳು.